ಸಾಧನೆ, ತೀರ್ಮಾನ, ತರ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಲಾಜಿಕ್ ಕಲಿಯಲು ಶುರು ಮಾಡಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಚಿಹ್ನೆಗಳನ್ನು ಆದಷ್ಟು ದೂರ ಇಟ್ಟಿದ್ದೇನೆ. ಓದುವಾಗ ಒಂದು ಪ್ರಶ್ನೆಯನ್ನು ಮಾತ್ರ ಜೊತೆಗೆ ಇಟ್ಟುಕೊಳ್ಳಿ: "ಈ ಸಾಲು ಇಲ್ಲಿಗೆ ಹೇಗೆ ಬಂತು?" ಇದನ್ನು ಕೇಳುವ ಅಭ್ಯಾಸ ಆಯಿತು ಅಂದರೆ ಅರ್ಧ ಲಾಜಿಕ್ ಬಂದ ಹಾಗೆ.

ಸಾಧನೆ ಅಂದರೆ ನಿಜಕ್ಕೂ ಏನು?

ಒಂದರ ಕೆಳಗೆ ಒಂದು ಬರೆದ ಹೇಳಿಕೆಗಳ ಪಟ್ಟಿ. ಪಟ್ಟಿಯ ಪ್ರತಿ ಸಾಲಿಗೂ ಅಲ್ಲಿರಲು ಒಂದು ಕಾರಣ ಬೇಕು. ಒಂದೋ ಅದು ಮೊದಲೇ ಒಪ್ಪಿಕೊಂಡ ಮಾತು. ಇಲ್ಲವೇ ಮೇಲಿನ ಸಾಲುಗಳಿಂದ, ಮೊದಲೇ ಗೊತ್ತುಮಾಡಿಕೊಂಡ ನಿಯಮದ ಪ್ರಕಾರ, ಇಳಿದು ಬಂದ ಮಾತು. (ತಾತ್ಕಾಲಿಕ ಊಹೆ ಅಂತ ಇನ್ನೊಂದು ಬಗೆ ಇದೆ. ಅದು ಮುಂದೆ ಬರುತ್ತದೆ.) ಕೊನೆಯ ಸಾಲಿನಲ್ಲಿ ಇರುವುದು ಸಾಧಿತವಾದ ಮಾತು.

ಶಾಲೆಯ ರೇಖಾಗಣಿತ ನೆನಪಿದೆಯಾ? ದತ್ತ, ಸಾಧನೀಯ, ರಚನೆ, ಸಾಧನೆ ಅಂತ ಬರೆಯುತ್ತಿದ್ದೆವು. ಪ್ರತಿ ಸಾಲಿನ ಬಲಗಡೆ ಸಣ್ಣದಾಗಿ ಕಾರಣ: "ಶೃಂಗಾಭಿಮುಖ ಕೋನಗಳು", "ಬಾ.ಕೋ.ಬಾ." ಎಷ್ಟೋ ಜನ ಆ ಬಲಗಡೆಯ ಭಾಗವನ್ನು ಮಾರ್ಕ್ಸಿಗಾಗಿ ಬರೆಯುವ ಕೆಲಸ ಅಂದುಕೊಂಡಿರುತ್ತಾರೆ. ಸಾಧನೆಯ ಜೀವ ಇರುವುದು ಅಲ್ಲೇ. ಎಡಗಡೆ ಇರುವುದು ಬರೀ ಹೇಳಿಕೆ. ಯಾರು ಬೇಕಾದರೂ ಏನು ಬೇಕಾದರೂ ಹೇಳಬಹುದು.

ಹಾಗಾಗಿ ಸಾಧನೆಯನ್ನು ಹುಡುಕಲು ಜಾಣತನ ಬೇಕು, ಸರಿಯಿದೆಯಾ ಅಂತ ಪರೀಕ್ಷಿಸಲು ತಾಳ್ಮೆ ಸಾಕು. ಪ್ರತಿ ಸಾಲಿಗೂ ಬೆರಳಿಟ್ಟು "ಇದು ಹೇಗೆ ಬಂತು?" ಎಂದು ಕೇಳುತ್ತಾ ಹೋದರಾಯಿತು. ಬರೆದವರು ಎಷ್ಟು ದೊಡ್ಡವರು ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ನನಗೆ ಲಾಜಿಕ್ ಮೇಲೆ ಪ್ರೀತಿ ಹುಟ್ಟಿದ್ದು ಈ ಒಂದು ಕಾರಣಕ್ಕೆ.

ಪುಸ್ತಕದಲ್ಲಿ "ಅನುಮಾನ" ಅಂತ ಇರುತ್ತದೆ. ಅನುಮಾನ ಅಂದರೆ ಸಂಶಯ ಅಲ್ವಾ?

ದಿನದ ಮಾತಿನಲ್ಲಿ ಹೌದು. ತರ್ಕದಲ್ಲಿ ಆ ಪದಕ್ಕೆ ಬೇರೆ ಅರ್ಥ: ತಿಳಿದದ್ದನ್ನು ಹಿಡಿದು ತಿಳಿಯದ್ದನ್ನು ತಲುಪುವುದು. ನ್ಯಾಯ ದರ್ಶನದ ಹಳೆಯ ಉದಾಹರಣೆಯನ್ನು ಬಹಳ ಜನ ಕೇಳಿರುತ್ತಾರೆ. ಬೆಟ್ಟದಲ್ಲಿ ಬೆಂಕಿ ಇದೆ. ಯಾಕೆಂದರೆ ಹೊಗೆ ಕಾಣುತ್ತಿದೆ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಇರುವಂತೆ. ಈ ಬೆಟ್ಟದಲ್ಲೂ ಅಂಥ ಹೊಗೆ ಇದೆ. ಆದ್ದರಿಂದ ಬೆಟ್ಟದಲ್ಲಿ ಬೆಂಕಿ ಇದೆ. ಈ ಐದು ಮೆಟ್ಟಿಲಿಗೆ ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂದು ಹೆಸರು.

ಇಂದಿನ ಫಾರ್ಮಲ್ ಲಾಜಿಕ್ ಇದಕ್ಕಿಂತ ಬೇರೆ ದಾರಿ ಹಿಡಿದಿದೆ. ಅದು ಬೆಂಕಿ, ಹೊಗೆ ಯಾವುದನ್ನೂ ನೋಡುವುದಿಲ್ಲ. ವಾಕ್ಯಗಳ ರೂಪವನ್ನಷ್ಟೇ ನೋಡುತ್ತದೆ. ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಅರಿಸ್ಟಾಟಲ್ ವಸ್ತುಗಳ ಹೆಸರಿನ ಜಾಗದಲ್ಲಿ ಬರೀ ಅಕ್ಷರಗಳನ್ನು ಇಟ್ಟು ತರ್ಕ ಮಾಡಿ ತೋರಿಸಿದ್ದ. ಗೊಂದಲ ಬೇಡ ಅಂತ ನಾನು ಇಲ್ಲಿ "ಅನುಮಾನ" ಬಿಟ್ಟು "ತೀರ್ಮಾನ" ಎಂದೇ ಬರೆಯುತ್ತೇನೆ.

ವಾದ ಸರಿ, ಆದರೆ ತೀರ್ಮಾನ ಸುಳ್ಳು. ಇದು ಹೇಗೆ ಸಾಧ್ಯ?

ಚೆನ್ನಾಗಿಯೇ ಸಾಧ್ಯ. ಇದನ್ನು ನೋಡಿ:

ಎಲ್ಲ ಮೀನುಗಳೂ ಕಿವಿರಿನಿಂದ ಉಸಿರಾಡುತ್ತವೆ.
ತಿಮಿಂಗಿಲ ಒಂದು ಮೀನು.
ಆದ್ದರಿಂದ ತಿಮಿಂಗಿಲ ಕಿವಿರಿನಿಂದ ಉಸಿರಾಡುತ್ತದೆ.

ತೀರ್ಮಾನ ಸುಳ್ಳು. ತಿಮಿಂಗಿಲಕ್ಕೆ ಶ್ವಾಸಕೋಶ ಇದೆ. ಆದರೂ ಹೆಜ್ಜೆಯಲ್ಲಿ ತಪ್ಪಿಲ್ಲ. ಮೊದಲ ಎರಡು ಸಾಲು ನಿಜವಾಗಿದ್ದಿದ್ದರೆ ಮೂರನೆಯದು ತಪ್ಪಿಸಿಕೊಳ್ಳುವ ಹಾಗೇ ಇರಲಿಲ್ಲ. ಇಂಥ ವಾದವನ್ನು ಸಿಂಧು ಎನ್ನುತ್ತೇವೆ. ಸಿಂಧುವಾದ ವಾದ ಒಂದೇ ಒಂದು ಭರವಸೆ ಕೊಡುತ್ತದೆ: ಆಧಾರವಾಕ್ಯಗಳೆಲ್ಲ ನಿಜವಾಗಿದ್ದು ತೀರ್ಮಾನ ಮಾತ್ರ ಸುಳ್ಳಾಗುವ ಪರಿಸ್ಥಿತಿ ಇಲ್ಲವೇ ಇಲ್ಲ.

ಈಗ ಉಲ್ಟಾ ನೋಡಿ. "ಎಲ್ಲ ಬೆಕ್ಕುಗಳಿಗೂ ಬಾಲ ಇದೆ. ನಾಯಿ ಬೆಕ್ಕಲ್ಲ. ಆದ್ದರಿಂದ ನಾಯಿ ಬೊಗಳುತ್ತದೆ." ತೀರ್ಮಾನ ನಿಜವೇ. ವಾದ ಮಾತ್ರ ಕೆಲಸಕ್ಕೆ ಬಾರದ್ದು. ತೀರ್ಮಾನ ನಮಗೆ ಒಪ್ಪಿಗೆಯಾದಾಗ ಹೆಜ್ಜೆಗಳನ್ನು ಪರೀಕ್ಷಿಸಲು ಮನಸ್ಸು ಬರುವುದಿಲ್ಲ. ಎಲ್ಲರಿಗೂ ಆಗುವುದೇ ಇದು. ಅದಕ್ಕೇ ಲಾಜಿಕ್ ಕಲಿಯುವಾಗ ಬೇಕಂತಲೇ ಸುಳ್ಳು ತೀರ್ಮಾನಗಳಿರುವ ಸಿಂಧು ವಾದಗಳನ್ನು ಬರೆದು ನೋಡಬೇಕು. ರೂಪವನ್ನೂ ವಿಷಯವನ್ನೂ ಬೇರೆ ಬೇರೆಯಾಗಿ ನೋಡಲು ಕಣ್ಣು ಪಳಗುತ್ತದೆ.

ವಾದ ಸಿಂಧುವೂ ಆಗಿದ್ದು, ಆಧಾರವಾಕ್ಯಗಳೂ ನಿಜವಾಗಿದ್ದರೆ ಅದು ಗಟ್ಟಿ ವಾದ. ಅದರ ತೀರ್ಮಾನ ನಿಜವೇ ಆಗಿರುತ್ತದೆ.

"ಹೀಗಾದರೆ ಹಾಗೆ" ಅನ್ನುವ ವಾಕ್ಯದಲ್ಲಿ ಜಾಸ್ತಿ ಜನ ಎಡವುವುದೆಲ್ಲಿ?

ದಿಕ್ಕಿನಲ್ಲಿ. "ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ" ಎಂಬುದನ್ನು ಒಪ್ಪಿಕೊಂಡಿದ್ದೇವೆ ಅಂತಿಟ್ಟುಕೊಳ್ಳಿ. ಇದರಿಂದ ಎರಡು ಹೆಜ್ಜೆ ಇಡಬಹುದು. ಮಳೆ ಬಂತು, ಆದ್ದರಿಂದ ಅಂಗಳ ಒದ್ದೆ. ಇದು ಮೊದಲನೆಯದು. ಅಂಗಳ ಒದ್ದೆಯಾಗಿಲ್ಲ, ಆದ್ದರಿಂದ ಮಳೆ ಬಂದಿಲ್ಲ. ಇದು ಎರಡನೆಯದು. ಲ್ಯಾಟಿನ್ ಹೆಸರು ಬೇಕಿದ್ದರೆ ಮೋಡಸ್ ಪೋನೆನ್ಸ್ ಮತ್ತು ಮೋಡಸ್ ಟೋಲೆನ್ಸ್. ಪ್ರಾಚೀನ ಗ್ರೀಸಿನ ಸ್ಟೋಯಿಕ್ ಚಿಂತಕರಿಗೆ ಎರಡೂ ಚೆನ್ನಾಗಿ ಗೊತ್ತಿದ್ದವು.

ಇಡಬಾರದ ಹೆಜ್ಜೆಗಳೂ ಎರಡು. ಅಂಗಳ ಒದ್ದೆ, ಆದ್ದರಿಂದ ಮಳೆ ಬಂದಿದೆ: ಇಲ್ಲ, ಯಾರೋ ನೀರು ಚಿಮುಕಿಸಿರಬಹುದು. ಮಳೆ ಬಂದಿಲ್ಲ, ಆದ್ದರಿಂದ ಅಂಗಳ ಒಣಗಿದೆ: ಅದೂ ಇಲ್ಲ, ಅದೇ ಕಾರಣಕ್ಕೆ.

ಗಣಿತದಲ್ಲಿ ಉಲ್ಟಾ ಮಾಡಿದ ಹೇಳಿಕೆಗೆ ವಿಲೋಮ ಎನ್ನುತ್ತಾರೆ. ಪೈಥಾಗೊರಸ್ ಪ್ರಮೇಯದ ವಿಲೋಮವೂ ನಿಜ, ಆದರೆ ಅದನ್ನು ಬೇರೆಯಾಗಿ ಸಾಧಿಸಬೇಕು. ಯೂಕ್ಲಿಡ್ ಕೂಡ ಎರಡನ್ನೂ ಬೇರೆ ಬೇರೆಯಾಗಿಯೇ ಸಾಧಿಸಿದ್ದಾನೆ.

ಇನ್ನು ಒಂದು ಪುಟ್ಟ ಪದ ಇದೆ: "ಮಾತ್ರ". "ಟಿಕೆಟ್ ಇದ್ದರೆ ಒಳಗೆ ಬಿಡುತ್ತಾರೆ" ಮತ್ತು "ಟಿಕೆಟ್ ಇದ್ದರೆ ಮಾತ್ರ ಒಳಗೆ ಬಿಡುತ್ತಾರೆ" ಒಂದೇ ಅಲ್ಲ. ಮೊದಲನೆಯದರಲ್ಲಿ ಟಿಕೆಟ್ ಸಾಕು. ಎರಡನೆಯದನ್ನು ಕಟ್ಟುನಿಟ್ಟಾಗಿ ಓದಿದರೆ ಟಿಕೆಟ್ ಬೇಕೇ ಬೇಕು, ಸಾಕೋ ಇಲ್ಲವೋ ಹೇಳಿಲ್ಲ. "ಸಾಕು" ಮತ್ತು "ಬೇಕು", ಈ ಎರಡು ಪದ ಇಟ್ಟುಕೊಂಡರೆ ಯಾವ ದಿಕ್ಕೂ ತಪ್ಪುವುದಿಲ್ಲ.

ಕೈಯಾರೆ ಮಾಡಿ ನೋಡಬೇಕಾದ ಒಂದು ಪರೀಕ್ಷೆ ಇದೆ. ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 1966ರಲ್ಲಿ ಪ್ರಕಟಿಸಿದ್ದು. ಅದನ್ನು ನಮ್ಮ ಅಕ್ಷರದಲ್ಲಿ ಹೇಳುತ್ತೇನೆ. ಮೇಜಿನ ಮೇಲೆ ನಾಲ್ಕು ಕಾರ್ಡು: ಅ, ಕ, 4, 7. ಪ್ರತಿ ಕಾರ್ಡಿನ ಒಂದು ಬದಿಯಲ್ಲಿ ಅಕ್ಷರ, ಇನ್ನೊಂದು ಬದಿಯಲ್ಲಿ ಸಂಖ್ಯೆ. ನಿಯಮ: "ಒಂದು ಬದಿಯಲ್ಲಿ ಸ್ವರ ಇದ್ದರೆ ಇನ್ನೊಂದು ಬದಿಯಲ್ಲಿ ಸಮ ಸಂಖ್ಯೆ ಇರುತ್ತದೆ." ನಿಯಮ ಪಾಲನೆಯಾಗಿದೆಯಾ ಅಂತ ತಿಳಿಯಲು ಯಾವ ಕಾರ್ಡುಗಳನ್ನು ತಿರುಗಿಸಲೇಬೇಕು?

ಉತ್ತರ ಓದುವ ಮೊದಲು ಒಂದು ನಿಮಿಷ ಯೋಚಿಸಿ. ಹೆಚ್ಚಿನವರು "ಅ ಮತ್ತು 4" ಅನ್ನುತ್ತಾರೆ. ಸರಿ ಉತ್ತರ "ಅ ಮತ್ತು 7". 4ರ ಹಿಂದೆ ವ್ಯಂಜನ ಇದ್ದರೂ ನಿಯಮ ಮುರಿಯುವುದಿಲ್ಲ. 7ರ ಹಿಂದೆ ಸ್ವರ ಇದ್ದರೆ ಮುರಿಯುತ್ತದೆ. ನಿಯಮಕ್ಕೆ ಹೊಂದುವುದನ್ನು ಹುಡುಕುವುದು ನಮ್ಮ ಸ್ವಭಾವ. ನಿಯಮ ಎಲ್ಲಿ ಮುರಿಯಬಹುದು ಅಂತ ಹುಡುಕುವುದನ್ನು ಕಲಿಯಬೇಕಾಗುತ್ತದೆ.

ಮೊದಲ ಭಾಗ ಸುಳ್ಳಾಗಿದ್ದರೆ ಇಡೀ "ಆದರೆ" ವಾಕ್ಯ ನಿಜ ಅಂತ ಯಾಕೆ ಎಣಿಸುತ್ತಾರೆ?

ವಿಚಿತ್ರ ಅನಿಸುವುದು ಸಹಜ. "ಸಂಖ್ಯೆ 4ರಿಂದ ಭಾಗವಾದರೆ 2ರಿಂದಲೂ ಭಾಗವಾಗುತ್ತದೆ" ಎಂಬುದನ್ನು ತೆಗೆದುಕೊಳ್ಳಿ. ಇದು ಎಲ್ಲ ಪೂರ್ಣಾಂಕಗಳಿಗೂ ನಿಜ ಅಂತ ಎಲ್ಲರೂ ಒಪ್ಪುತ್ತೇವೆ. ಎಲ್ಲಕ್ಕೂ ನಿಜ ಅಂದಮೇಲೆ 8ಕ್ಕೂ ನಿಜ, 6ಕ್ಕೂ ನಿಜ, 5ಕ್ಕೂ ನಿಜ ಆಗಬೇಕು. 8ರಲ್ಲಿ ಎರಡೂ ಭಾಗ ನಿಜ. 6ರಲ್ಲಿ ಮೊದಲ ಭಾಗ ಸುಳ್ಳು, ಎರಡನೆಯದು ನಿಜ. 5ರಲ್ಲಿ ಎರಡೂ ಸುಳ್ಳು. ಮೂರೂ ಸಂದರ್ಭದಲ್ಲಿ ಹೇಳಿಕೆ ನಿಲ್ಲುತ್ತದೆ. ಬೀಳುವುದು ಒಂದೇ ಸಂದರ್ಭದಲ್ಲಿ: 4ರಿಂದ ಭಾಗವಾಗಿ 2ರಿಂದ ಆಗದ ಸಂಖ್ಯೆ ಸಿಕ್ಕಿದರೆ. ಅಂಥದ್ದು ಇಲ್ಲ.

ಮಾತು ಕೊಟ್ಟ ಹಾಗೆ ಅಂದುಕೊಳ್ಳಿ. "ಮಳೆ ನಿಂತರೆ ಬರುತ್ತೇನೆ" ಅಂದೆ. ಮಳೆ ನಿಲ್ಲಲೇ ಇಲ್ಲ. ನಾನು ಬಂದರೂ ಬಾರದಿದ್ದರೂ ಮಾತು ತಪ್ಪಿದ ಹಾಗಾಗುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಕಿವಿಮಾತು. ನಮ್ಮ "ಆದರೆ" ಪದಕ್ಕೆ ಎರಡು ಅರ್ಥ ಇದೆ. "ಕ ಆದರೆ ಚ" ಅಂತ ಬರೆದರೆ "ಕ, ಆದಾಗ್ಯೂ ಚ" ಅಂತಲೂ ಓದಿಬಿಡಬಹುದು. "ಕ ನಿಜವಾದರೆ ಚ ನಿಜ" ಎಂದು ಬಿಡಿಸಿ ಬರೆಯುವುದು ಒಳ್ಳೆಯದು.

"ಅಥವಾ" ಅಂದರೆ ಎರಡರಲ್ಲಿ ಒಂದೇನಾ?

ಲಾಜಿಕ್‌ನಲ್ಲಿ ಕನಿಷ್ಠ ಒಂದು. ಎರಡೂ ನಿಜವಾಗಿದ್ದರೂ ಸರಿ. ಒಂದೇ ಒಂದು ಅಂತ ಬೇಕಿದ್ದರೆ ಹಾಗೆಂದು ಸ್ಪಷ್ಟವಾಗಿ ಬರೆಯಬೇಕು.

ಒಂದು ಪೂರ್ತಿ ಸಾಧನೆಯನ್ನು ಸಾಲುಸಾಲಾಗಿ ತೋರಿಸುತ್ತೀರಾ?

ಖಂಡಿತ. ಮೂರು ದತ್ತ ಇವೆ. "ಸ್ವಿಚ್ ಹಾಕಿಲ್ಲ" ಎಂದು ಸಾಧಿಸಬೇಕು.

1. ಸ್ವಿಚ್ ಹಾಕಿದ್ದರೆ ಹೋಲ್ಡರಿಗೆ ಕರೆಂಟ್ ಬರುತ್ತದೆ. (ದತ್ತ)
2. ಹೋಲ್ಡರಿಗೆ ಕರೆಂಟ್ ಬಂದರೆ ಬಲ್ಬ್ ಉರಿಯುತ್ತದೆ. (ದತ್ತ)
3. ಬಲ್ಬ್ ಉರಿಯುತ್ತಿಲ್ಲ. (ದತ್ತ)
4. ಸ್ವಿಚ್ ಹಾಕಿದೆ. (ಊಹೆ)
5. ಹೋಲ್ಡರಿಗೆ ಕರೆಂಟ್ ಬಂದಿದೆ. (1 ಮತ್ತು 4ರಿಂದ)
6. ಬಲ್ಬ್ ಉರಿಯುತ್ತಿದೆ. (2 ಮತ್ತು 5ರಿಂದ)
7. 3 ಮತ್ತು 6 ಒಂದಕ್ಕೊಂದು ವಿರುದ್ಧ. (ವೈರುಧ್ಯ)
8. ಸ್ವಿಚ್ ಹಾಕಿಲ್ಲ. (4ರಿಂದ 7ರವರೆಗಿನ ಭಾಗದಿಂದ, ಊಹೆಯನ್ನು ಇಲ್ಲಿಗೆ ಬಿಟ್ಟೆವು)

ಪ್ರತಿ ಸಾಲಿನ ಪಕ್ಕ ಕಾರಣ ಇದೆ. 4, 5, 6, 7ನೇ ಸಾಲುಗಳು ಊಹೆಯ ನೆರಳಿನಲ್ಲಿ ಇರುವವು. ಅವನ್ನು ಸ್ವಲ್ಪ ಒಳಕ್ಕೆ ಸರಿಸಿ, ಪಕ್ಕದಲ್ಲಿ ಒಂದು ಗೆರೆ ಎಳೆದು ಬರೆಯುವ ರೂಢಿ ಇದೆ. 8ನೇ ಸಾಲು ಆ ನೆರಳಿನಿಂದ ಹೊರಗೆ ಬಂದಿದೆ. ಅದು ದತ್ತಗಳನ್ನು ಬಿಟ್ಟು ಇನ್ನಾವುದರ ಮೇಲೂ ನಿಂತಿಲ್ಲ.

ಈಗ ನೀವು ಹೋಗಿ ನೋಡುತ್ತೀರಿ, ಸ್ವಿಚ್ ಹಾಕಿಯೇ ಇದೆ! ಸಾಧನೆ ತಪ್ಪಾಯಿತಾ? ಇಲ್ಲ. ಬಲ್ಬ್ ಬರ್ನ್ ಆಗಿರಬಹುದು, ಆಗ 2ನೇ ಸಾಲು ಸುಳ್ಳು. ಕರೆಂಟೇ ಹೋಗಿರಬಹುದು, ಆಗ 1ನೇ ಸಾಲು ಸುಳ್ಳು. ಹೆಜ್ಜೆಗಳೆಲ್ಲ ಸರಿಯಿದ್ದು ತೀರ್ಮಾನ ಸುಳ್ಳಾದರೆ ದತ್ತಗಳಲ್ಲಿ ಒಂದಾದರೂ ಸುಳ್ಳಿರಲೇಬೇಕು. ಕೆಟ್ಟ ಯಂತ್ರವನ್ನು ರಿಪೇರಿ ಮಾಡುವವರು ದಿನವೂ ಮಾಡುವುದು ಇದನ್ನೇ.

ಈ ರೀತಿ ಊಹೆ ಹಿಡಿದು, ಬಿಟ್ಟು ಸಾಧಿಸುವ ಪದ್ಧತಿಯನ್ನು ಗೆರ್ಹಾರ್ಡ್ ಗೆಂಟ್ಸೆನ್ ಮತ್ತು ಸ್ಟಾನಿಸ್ಲಾವ್ ಯಾಶ್ಕೋವ್ಸ್ಕಿ ಬೇರೆ ಬೇರೆಯಾಗಿ ಕಟ್ಟಿದರು. ಯಾಶ್ಕೋವ್ಸ್ಕಿ ಬರಹ 1934ರದು, ಗೆಂಟ್ಸೆನ್‌ದು 1934–35ರದು. ಅದಕ್ಕೂ ಮೊದಲಿನ ಪದ್ಧತಿಗಳಲ್ಲಿ ಸ್ವಯಂಸಿದ್ಧಗಳು (ಸಾಧನೆ ಕೇಳದೆ ಮೊದಲೇ ಒಪ್ಪಿಕೊಂಡ ಮಾತುಗಳು) ಹಲವು, ನಿಯಮ ಒಂದೋ ಎರಡೋ ಇರುತ್ತಿದ್ದವು. ಸಣ್ಣ ವಿಷಯ ಸಾಧಿಸಲೂ ಸುತ್ತಿ ಬಳಸಿ ಹೋಗಬೇಕಿತ್ತು. ಗೆಂಟ್ಸೆನ್ ಗಣಿತಜ್ಞರು ನಿಜವಾಗಿ ಹೇಗೆ ಯೋಚಿಸುತ್ತಾರೋ ಅದಕ್ಕೆ ಹತ್ತಿರವಾದ ನಿಯಮಗಳನ್ನು ಬೇಕೆಂದೇ ಆರಿಸಿಕೊಂಡ.

ಸುಳ್ಳು ಅಂತ ಗೊತ್ತಿದ್ದೂ ಊಹೆ ಮಾಡುವುದು ಮೋಸ ಅಲ್ವಾ?

ಊಹೆ ಸಾಲ ಇದ್ದ ಹಾಗೆ. ತೆಗೆದುಕೊಳ್ಳಬಹುದು, ತೀರಿಸಬೇಕು. ಸಾಲದ ಹಣ ಕೈಯಲ್ಲಿದ್ದಾಗ ಬಂದ ಫಲವನ್ನೆಲ್ಲ ನಿಮ್ಮದೇ ಅಂತ ಹೊರಗೆ ಒಯ್ಯುವಂತಿಲ್ಲ. ಮೇಲಿನ ಸಾಧನೆ ಮುಗಿದ ಮೇಲೆ 5ನೇ ಸಾಲನ್ನು ತೆಗೆದು "ಹೋಲ್ಡರಿಗೆ ಕರೆಂಟ್ ಬಂದಿದೆ" ಅಂತ ಬಳಸಿದರೆ ಅದು ಮೋಸ. ಹೊಸಬರ ಸಾಧನೆಗಳಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು ಇದೇ.

ಯೂಕ್ಲಿಡ್‌ನ ಹೆಸರಿನಲ್ಲಿ ಎಲ್ಲರೂ ಹೇಳುವ ಒಂದು ಸಾಧನೆಯಲ್ಲೂ ಇದೇ ಬಗೆಯ ತಪ್ಪು ನುಸುಳುತ್ತದೆ. ಅವಿಭಾಜ್ಯ ಸಂಖ್ಯೆಗಳು ಇಷ್ಟೇ ಇವೆ ಅಂತ ಊಹಿಸಿ. ಎಲ್ಲವನ್ನೂ ಗುಣಿಸಿ 1 ಸೇರಿಸಿ. ಬಂದ ಸಂಖ್ಯೆಯನ್ನು ಪಟ್ಟಿಯಲ್ಲಿರುವ ಯಾವುದರಿಂದ ಭಾಗಿಸಿದರೂ ಶೇಷ 1. ಆದರೆ 1ಕ್ಕಿಂತ ದೊಡ್ಡದಾದ ಪ್ರತಿ ಸಂಖ್ಯೆಗೂ ಒಂದು ಅವಿಭಾಜ್ಯ ಅಪವರ್ತನ ಇರಲೇಬೇಕು. ಅದು ಪಟ್ಟಿಯಲ್ಲಿಲ್ಲ. ವೈರುಧ್ಯ. ಇಲ್ಲಿಯವರೆಗೆ ಸರಿ. ಎಷ್ಟೋ ಜನ ಇದರಿಂದ "ಅವಿಭಾಜ್ಯಗಳನ್ನು ಗುಣಿಸಿ 1 ಸೇರಿಸಿದರೆ ಯಾವಾಗಲೂ ಅವಿಭಾಜ್ಯ ಬರುತ್ತದೆ" ಎಂದು ಮನೆಗೆ ಒಯ್ಯುತ್ತಾರೆ. 2, 3, 5, 7, 11, 13 ಇಷ್ಟನ್ನು ಗುಣಿಸಿ 1 ಸೇರಿಸಿ: 30031. ಇದು 59 ಮತ್ತು 509ರ ಗುಣಲಬ್ಧ. ಊಹೆಯ ಒಳಗಿನ ಮಾತು ಹೊರಗೆ ಬಂದಾಗ ಹೀಗಾಗುತ್ತದೆ.

ಎಷ್ಟು ಉದಾಹರಣೆ ಕೊಟ್ಟರೆ ಸಾಧನೆ ಆಗುತ್ತದೆ?

"ಎಲ್ಲ" ಎಂಬ ಹೇಳಿಕೆಯಲ್ಲಿ ಕೊನೆಯಿಲ್ಲದಷ್ಟು ಸಂಖ್ಯೆಗಳಿದ್ದರೆ, ಎಷ್ಟು ಕೊಟ್ಟರೂ ಆಗುವುದಿಲ್ಲ. ಇದನ್ನು ನಂಬಲು ಕಷ್ಟ, ಹಾಗಾಗಿ ಕೈಯಲ್ಲಿ ಲೆಕ್ಕ ಮಾಡಿ ನೋಡಿ. ಒಂದು ಸಂಖ್ಯೆಯನ್ನು ತೆಗೆದುಕೊಳ್ಳಿ, ಅದರ ವರ್ಗಕ್ಕೆ ಅದನ್ನೇ ಕೂಡಿಸಿ, ಮೇಲೆ 41 ಸೇರಿಸಿ. 0ಗೆ 41. 1ಕ್ಕೆ 43. 2ಕ್ಕೆ 47. 3ಕ್ಕೆ 53. ಎಲ್ಲವೂ ಅವಿಭಾಜ್ಯ. ಹೀಗೇ 39ರವರೆಗೆ ನಲವತ್ತು ಸಲ ಅವಿಭಾಜ್ಯವೇ ಬರುತ್ತದೆ. 40ಕ್ಕೆ ಬಂದಾಗ 1681. ಅದು 41ರ ವರ್ಗ. ಮುರಿದುಬಿತ್ತು.

ನಲವತ್ತು ಕಡಿಮೆಯಾಯಿತು ಅನ್ನುತ್ತೀರಾ? ಜಾರ್ಜ್ ಪೋಲ್ಯಾ 1919ರಲ್ಲಿ ಸಂಖ್ಯೆಗಳ ಅಪವರ್ತನಗಳ ಬಗ್ಗೆ ಒಂದು ಊಹೆ (ಇಲ್ಲಿ ಊಹೆ ಅಂದರೆ ನಿಜ ಅನಿಸಿದರೂ ಇನ್ನೂ ಸಾಧಿಸದ ಹೇಳಿಕೆ) ಮುಂದಿಟ್ಟರು. 1958ರಲ್ಲಿ ಹ್ಯಾಸೆಲ್‌ಗ್ರೋವ್ ಅದು ಸುಳ್ಳು ಎಂದು ತೋರಿಸಿದರು. ಅದು ಮೊದಲ ಸಲ ಮುರಿಯುವುದು 90,61,50,257ರಲ್ಲಿ. ಅಂದರೆ ತೊಂಬತ್ತು ಕೋಟಿಗೂ ಜಾಸ್ತಿ ಸಂಖ್ಯೆಗಳು ಅದರ ಪರ ಸಾಕ್ಷಿ ಹೇಳಿದ್ದವು.

2ಕ್ಕಿಂತ ದೊಡ್ಡದಾದ ಪ್ರತಿ ಸಮ ಸಂಖ್ಯೆಯೂ ಎರಡು ಅವಿಭಾಜ್ಯಗಳ ಮೊತ್ತ ಎಂಬ ಗೋಲ್ಡ್‌ಬಾಖ್ ಊಹೆ 1742ರದ್ದು. 4ರ ಮುಂದೆ 18 ಸೊನ್ನೆ ಹಾಕಿದಷ್ಟು ದೂರದವರೆಗೆ ಕಂಪ್ಯೂಟರ್ ಪರೀಕ್ಷಿಸಿದೆ, ಎಲ್ಲೂ ಮುರಿದಿಲ್ಲ. ಆದರೂ ಅದನ್ನು ಊಹೆ ಅಂತಲೇ ಕರೆಯುತ್ತಾರೆ.

ಉಲ್ಟಾ ಕೆಲಸಕ್ಕೆ ಮಾತ್ರ ಒಂದೇ ಸಾಕು. "ಎಲ್ಲ" ಅನ್ನುವುದನ್ನು ಬೀಳಿಸಲು ಒಂದು ಪ್ರತ್ಯುದಾಹರಣೆ ಸಾಕು.

ಹಾಗಾದರೆ ಗಣಿತದ ಇಂಡಕ್ಷನ್? ಅದೂ ಉದಾಹರಣೆಯಿಂದ ಶುರುವಾಗುತ್ತದಲ್ಲ?

ಹೆಸರು ದಾರಿ ತಪ್ಪಿಸುತ್ತದೆ. ಕಂಡ ಕೆಲವನ್ನು ನೋಡಿ ಕಾಣದ ಎಲ್ಲದರ ಬಗ್ಗೆ ಹೇಳುವುದು ಅನುಗಮನ. ಗಣಿತದ ಇಂಡಕ್ಷನ್ ಅಪ್ಪಟ ನಿಗಮನ, ಅಂದರೆ ಒಪ್ಪಿಕೊಂಡ ಮಾತುಗಳಿಂದ ತಪ್ಪದೆ ಇಳಿದು ಬರುವ ತೀರ್ಮಾನ. 1, 1+3, 1+3+5, 1+3+5+7 ಕೂಡಿ ನೋಡಿ: 1, 4, 9, 16. ವರ್ಗಗಳು! ಇಲ್ಲಿಗೆ ನಿಂತರೆ ಬರೀ ಉದಾಹರಣೆ. ಈಗ ಮೊದಲ "ನ" ಬೆಸ ಸಂಖ್ಯೆಗಳ ಮೊತ್ತ ನ² ಅಂತ ಊಹಿಸಿ. ಅದರ ಮುಂದಿನ ಬೆಸ ಸಂಖ್ಯೆ 2ನ+1. ಕೂಡಿಸಿ: ನ²+2ನ+1. ಅದು (ನ+1)². ಅಂದರೆ ಒಂದು ಕಡೆ ನಿಜವಾದರೆ ಮುಂದಿನದರಲ್ಲೂ ನಿಜ. 1ರಲ್ಲಿ ನಿಜ ಅಂತ ನೋಡಿಯೇ ಇದ್ದೇವೆ. ಈ ಎರಡು ಮಾತು ಸೇರಿದರೆ ಯಾವ ಸಂಖ್ಯೆಯೂ ತಪ್ಪಿಸಿಕೊಳ್ಳಲಾರದು.

"ಎಲ್ಲ" ಮತ್ತು "ಕೆಲವು" ಬಂದಾಗ ಏನು ಎಚ್ಚರ ಬೇಕು?

ಇಲ್ಲ ಅನ್ನುವಾಗ ಎಚ್ಚರ ಬೇಕು. "ಎಲ್ಲರೂ ಬಂದಿಲ್ಲ" ಅನ್ನುವ ವಾಕ್ಯವನ್ನೇ ನೋಡಿ. ಯಾರೂ ಬಂದಿಲ್ಲ ಅಂತಲೂ ಆಗಬಹುದು, ಕೆಲವರು ಬಂದಿಲ್ಲ ಅಂತಲೂ ಆಗಬಹುದು. ಮಾತಿನಲ್ಲಿ ದನಿಯ ಏರಿಳಿತದಿಂದ ಗೊತ್ತಾಗುತ್ತದೆ, ಬರೆದಾಗ ಗೊತ್ತಾಗುವುದಿಲ್ಲ. "ಎಲ್ಲರೂ ಬಂದಿದ್ದಾರೆ" ಎಂಬುದರ ನಿಷೇಧ "ಬಾರದವರು ಒಬ್ಬರಾದರೂ ಇದ್ದಾರೆ" ಎಂಬುದು. "ಯಾರೂ ಬಂದಿಲ್ಲ" ಎಂಬುದಲ್ಲ.

ಇನ್ನೊಂದು, ಕ್ರಮ. "ಪ್ರತಿ ಸಂಖ್ಯೆಗೂ ಅದಕ್ಕಿಂತ ದೊಡ್ಡ ಸಂಖ್ಯೆ ಒಂದಿದೆ" ನಿಜ. "ಎಲ್ಲ ಸಂಖ್ಯೆಗಳಿಗಿಂತ ದೊಡ್ಡ ಸಂಖ್ಯೆ ಒಂದಿದೆ" ಸುಳ್ಳು. ಪದಗಳು ಹೆಚ್ಚುಕಮ್ಮಿ ಅವೇ, "ಪ್ರತಿ" ಮತ್ತು "ಒಂದಿದೆ" ಯಾವುದು ಮೊದಲು ಅನ್ನುವುದಷ್ಟೇ ಬದಲಾಗಿದೆ. ಅರಿಸ್ಟಾಟಲ್‌ನ ತರ್ಕಕ್ಕೆ ಈ ವ್ಯತ್ಯಾಸ ಹಿಡಿಯಲು ಆಗುತ್ತಿರಲಿಲ್ಲ. 1879ರಲ್ಲಿ ಗಾಟ್‌ಲೋಬ್ ಫ್ರೇಗೆ ಇದನ್ನು ಹಿಡಿಯುವ ಬರವಣಿಗೆಯನ್ನು ಕಟ್ಟಿಕೊಟ್ಟ. ಇಂದಿನ ಲಾಜಿಕ್ ಶುರುವಾಗುವುದು ಅಲ್ಲಿಂದ ಎನ್ನುತ್ತಾರೆ, ನನಗೂ ಹಾಗೇ ಅನಿಸುತ್ತದೆ.

ತೀರ್ಮಾನದ ನಿಯಮವನ್ನೂ ಒಂದು ದತ್ತವಾಗಿ ಬರೆದುಬಿಟ್ಟರೆ ಆಗುವುದಿಲ್ಲವಾ?

ಇದು ಆಳವಾದ ಪ್ರಶ್ನೆ. ಲೂಯಿಸ್ ಕ್ಯಾರಲ್ 1895ರಲ್ಲಿ "ಮೈಂಡ್" ಪತ್ರಿಕೆಯಲ್ಲಿ ಆಮೆ ಮತ್ತು ಅಕಿಲಿಸ್ ನಡುವಿನ ಮಾತುಕತೆಯಾಗಿ ಇದನ್ನೇ ಬರೆದ. ಸಾರ ಹೀಗೆ. ಆಮೆ ಕ ಒಪ್ಪುತ್ತದೆ. "ಕ ನಿಜವಾದರೆ ಚ ನಿಜ" ಎಂಬುದನ್ನೂ ಒಪ್ಪುತ್ತದೆ. ಚ ಮಾತ್ರ ಒಪ್ಪುವುದಿಲ್ಲ. ಯಾಕೆ ಅಂತ ಕೇಳಿದರೆ, "ಆ ಎರಡೂ ನಿಜವಾದರೆ ಚ ನಿಜ ಅಂತಲೂ ಬರೆದುಕೋ" ಅನ್ನುತ್ತದೆ. ಅಕಿಲಿಸ್ ಬರೆಯುತ್ತಾನೆ. ಈಗ ಮೂರು ದತ್ತ. "ಆ ಮೂರೂ ನಿಜವಾದರೆ ಚ ನಿಜ ಅಂತಲೂ ಬರೆದುಕೋ." ಪುಸ್ತಕ ತುಂಬುತ್ತದೆ, ಚ ಬರುವುದೇ ಇಲ್ಲ.

ವಾಕ್ಯಗಳನ್ನು ಎಷ್ಟು ರಾಶಿ ಹಾಕಿದರೂ ಹೆಜ್ಜೆ ತಾನಾಗಿ ಬೀಳುವುದಿಲ್ಲ, ಇಡಬೇಕು. ನಿಯಮ ಅಂದರೆ ಆ ಹೆಜ್ಜೆ ಇಡಲು ಕೊಟ್ಟ ಅನುಮತಿ. "ಆದರೆ" ವಾಕ್ಯದ ಒಳಗಿನ ಪದ. "ಆದ್ದರಿಂದ" ವಾಕ್ಯದಿಂದ ವಾಕ್ಯಕ್ಕೆ ಹೋಗುವ ನಡಿಗೆ.

ಒಂದೇ ಒಂದು ವೈರುಧ್ಯ ಇದ್ದರೆ ಇಡೀ ಪದ್ಧತಿ ಯಾಕೆ ಬೀಳಬೇಕು?

ಅದರಿಂದ ಏನನ್ನು ಬೇಕಾದರೂ ಸಾಧಿಸಬಹುದು, ಅದಕ್ಕೆ. ಕ ನಿಜ, ಕ ಸುಳ್ಳು, ಎರಡನ್ನೂ ಒಪ್ಪಿದ್ದೀರಿ. ಕ ನಿಜವಾದ್ದರಿಂದ "ಕ ಅಥವಾ ಚ" ನಿಜ. ಇಲ್ಲಿ ಚ ಏನು ಬೇಕಾದರೂ ಆಗಬಹುದು. ಕ ಸುಳ್ಳು ಅಂತಲೂ ಒಪ್ಪಿದ್ದೀರಿ. ಎರಡರಲ್ಲಿ ಒಂದು ನಿಜ, ಮೊದಲನೆಯದು ಅಲ್ಲ, ಆದ್ದರಿಂದ ಚ ನಿಜ. ಎಲ್ಲವನ್ನೂ ಸಾಧಿಸುವ ಪದ್ಧತಿಯಿಂದ ಏನೂ ತಿಳಿಯುವುದಿಲ್ಲ.

1902ರಲ್ಲಿ ಬರ್ಟ್ರಂಡ್ ರಸೆಲ್ ಫ್ರೇಗೆಗೆ ಒಂದು ಪತ್ರ ಬರೆದರು. ಫ್ರೇಗೆಯ ಪದ್ಧತಿಯಲ್ಲಿ "ತನ್ನನ್ನು ತಾನು ಒಳಗೊಳ್ಳದ ಗಣಗಳೆಲ್ಲದರ ಗಣ" ಎಂಬುದನ್ನು ಕಟ್ಟಬಹುದು. ಅದು ತನ್ನನ್ನು ಒಳಗೊಂಡಿದೆಯಾ? ಹೌದು ಅಂದರೆ ಇಲ್ಲ, ಇಲ್ಲ ಅಂದರೆ ಹೌದು. ಆ ಪದ್ಧತಿಯ ಬಗ್ಗೆ ಫ್ರೇಗೆ ಬರೆದ ಪುಸ್ತಕದ ಎರಡನೇ ಸಂಪುಟ ಆಗ ಅಚ್ಚಿನಲ್ಲಿತ್ತು. ಆತ ತಪ್ಪನ್ನು ಮುಚ್ಚಿಡಲಿಲ್ಲ. 1903ರಲ್ಲಿ ಬಂದ ಪುಸ್ತಕದ ಕೊನೆಗೆ ಆ ವೈರುಧ್ಯವನ್ನು ತಾನೇ ಬರೆದು ಸೇರಿಸಿದ. ನನಗೆ ಈ ಪ್ರಸಂಗ ಓದಿದಾಗಲೆಲ್ಲ ಅವನ ಮೇಲೆ ಗೌರವ ಹೆಚ್ಚುತ್ತದೆ.

ಸ್ವಯಂಸಿದ್ಧಗಳನ್ನು ಯಾರು ಸಾಧಿಸುತ್ತಾರೆ?

ಯಾರೂ ಇಲ್ಲ. ಎಲ್ಲೋ ಒಂದು ಕಡೆ ಶುರು ಮಾಡಲೇಬೇಕು. ಹಾಗಂತ ಸುಮ್ನೆ ಆರಿಸುವುದಲ್ಲ. ಯೂಕ್ಲಿಡ್‌ನ ಐದನೇ ಆಧಾರ ಪ್ರತಿಜ್ಞೆ ಸಮಾಂತರ ರೇಖೆಗಳ ಬಗ್ಗೆ. ಅದನ್ನು ಉಳಿದವುಗಳಿಂದ ಸಾಧಿಸಬೇಕೆಂದು ಎರಡು ಸಾವಿರ ವರ್ಷ ಪ್ರಯತ್ನ ನಡೆಯಿತು. 1829ರಲ್ಲಿ ಲೊಬಚೆವ್‌ಸ್ಕಿ, 1832ರಲ್ಲಿ ಬೊಲ್ಯಾಯಿ ಅದನ್ನು ಕೈಬಿಟ್ಟು ಬೇರೆಯದೇ ರೇಖಾಗಣಿತವನ್ನು ಪ್ರಕಟಿಸಿದರು. 1868ರಲ್ಲಿ ಬೆಲ್ಟ್ರಾಮಿ ಕೊಟ್ಟ ಮಾದರಿಗಳಿಂದ ಆ ಹೊಸ ರೇಖಾಗಣಿತಕ್ಕೂ ಗಟ್ಟಿ ನೆಲ ಸಿಕ್ಕಿತು. ಹಳೆಯದರಲ್ಲಿ ವೈರುಧ್ಯ ಇಲ್ಲದಿದ್ದರೆ ಹೊಸದರಲ್ಲೂ ಇಲ್ಲ. ಅಂದರೆ ಐದನೆಯದನ್ನು ಉಳಿದವುಗಳಿಂದ ಸಾಧಿಸಲು ಆಗುವುದೇ ಇಲ್ಲ.

"ಸಾಧಿಸಬಹುದು" ಮತ್ತು "ನಿಜ" ಒಂದೇನಾ? ಗೋಡೆಲ್ ಹೇಳಿದ್ದೇನು?

ಎರಡೂ ಬೇರೆ. ನಿಯಮಗಳ ಪ್ರಕಾರ ಹೆಜ್ಜೆ ಇಟ್ಟು ತಲುಪಬಹುದಾದದ್ದು ಒಂದು. ದತ್ತಗಳು ನಿಜವಾದ ಎಲ್ಲ ಪರಿಸ್ಥಿತಿಯಲ್ಲೂ ನಿಜವಾಗಿರುವುದು ಇನ್ನೊಂದು. ಮೊದಲನೆಯದಕ್ಕೆ ⊢, ಎರಡನೆಯದಕ್ಕೆ ⊨ ಎಂಬ ಗುರುತು. ತಲುಪಿದ್ದೆಲ್ಲ ನಿಜವಾಗಿದ್ದರೆ ನಿಯಮಗಳು ನಂಬಿಕಸ್ಥ. ಹೀಗೆ ಎಲ್ಲ ಪರಿಸ್ಥಿತಿಯಲ್ಲೂ ನಿಜವಾದದ್ದನ್ನೆಲ್ಲ ತಲುಪಬಹುದಾದರೆ ನಿಯಮಗಳು ಸಂಪೂರ್ಣ.

"ಎಲ್ಲ", "ಕೆಲವು" ಇರುವ ಸಾಮಾನ್ಯ ಲಾಜಿಕ್ ಸಂಪೂರ್ಣ ಅಂತ ಕರ್ಟ್ ಗೋಡೆಲ್ 1929ರ ಪಿಎಚ್‌ಡಿ ಪ್ರಬಂಧದಲ್ಲಿ ಸಾಧಿಸಿದರು, 1930ರಲ್ಲಿ ಪ್ರಕಟಿಸಿದರು. 1931ರಲ್ಲಿ ಅದೇ ಗೋಡೆಲ್ ಅಪೂರ್ಣತೆಯ ಪ್ರಮೇಯ ಕೊಟ್ಟರು. ಇಲ್ಲಿ ಎಲ್ಲರಿಗೂ ಗೊಂದಲ. ಎರಡರಲ್ಲಿ "ಸಂಪೂರ್ಣ" ಪದದ ಅರ್ಥ ಬೇರೆ ಬೇರೆ. ಮೊದಲನೆಯದು ತೀರ್ಮಾನದ ನಿಯಮಗಳ ಬಗ್ಗೆ: ಅವುಗಳಲ್ಲಿ ಕೊರತೆ ಇಲ್ಲ. ಎರಡನೆಯದು ಸ್ವಯಂಸಿದ್ಧಗಳ ಬಗ್ಗೆ. ಕೂಡಿಸು ಗುಣಿಸುಗಳನ್ನು ಒಳಗೊಂಡ, ವೈರುಧ್ಯವಿಲ್ಲದ, ಯಾವುದು ಸ್ವಯಂಸಿದ್ಧ ಎಂದು ಯಂತ್ರದಂತೆ ಪರೀಕ್ಷಿಸಬಹುದಾದ ಯಾವ ಪದ್ಧತಿ ತೆಗೆದುಕೊಂಡರೂ, ಅದರಲ್ಲಿ ಸಾಧಿಸಲೂ ಆಗದ, ಸುಳ್ಳೆಂದು ತೋರಿಸಲೂ ಆಗದ ಹೇಳಿಕೆ ಇದ್ದೇ ಇರುತ್ತದೆ.

"ಯಾವುದನ್ನೂ ಖಚಿತವಾಗಿ ಸಾಧಿಸಲಾಗದು ಅಂತ ಗೋಡೆಲ್ ಹೇಳಿದ್ದಾರೆ" ಅನ್ನುವ ಮಾತನ್ನು ದಯವಿಟ್ಟು ನಂಬಬೇಡಿ. ಅವರು ಹಾಗೆ ಹೇಳಿಲ್ಲ. ಅವರ ಪ್ರಮೇಯವೇ ಖಚಿತವಾಗಿ ಸಾಧಿಸಿದ್ದು.

ಕಂಪ್ಯೂಟರಿಗೆ ಕೊಟ್ಟರೆ ಎಲ್ಲವನ್ನೂ ಅದೇ ಸಾಧಿಸುವುದಿಲ್ಲವಾ?

"ಮತ್ತು", "ಅಥವಾ", "ಆದರೆ", "ಅಲ್ಲ" ಮಾತ್ರ ಇದ್ದರೆ ಸತ್ಯಕೋಷ್ಟಕ (ಸರಳ ಹೇಳಿಕೆಗಳು ನಿಜ, ಸುಳ್ಳು ಆಗುವ ಎಲ್ಲ ಜೋಡಣೆಗಳ ಪಟ್ಟಿ) ಬರೆದು ಯಾವಾಗಲೂ ಉತ್ತರ ತೆಗೆಯಬಹುದು. ತೊಂದರೆ ಇರುವುದು ಗಾತ್ರದಲ್ಲಿ. 3 ಸರಳ ಹೇಳಿಕೆಗೆ 8 ಸಾಲು, 20ಕ್ಕೆ 10,48,576 ಸಾಲು. "ಎಲ್ಲ", "ಕೆಲವು" ಬಂದರೆ ಇನ್ನೂ ಕಷ್ಟ. ಯಾವ ಹೇಳಿಕೆ ಕೊಟ್ಟರೂ ಅದು ಸಿಂಧು (ಅಂದರೆ ಎಲ್ಲ ಪರಿಸ್ಥಿತಿಯಲ್ಲೂ ನಿಜ) ಹೌದೋ ಅಲ್ಲವೋ ಎಂದು ತಪ್ಪದೆ ಹೇಳುವ ವಿಧಾನ ಇಲ್ಲ ಎಂದು 1936ರಲ್ಲಿ ಅಲೊಂಜೊ ಚರ್ಚ್ ಮತ್ತು ಅಲನ್ ಟ್ಯೂರಿಂಗ್ ಬೇರೆ ಬೇರೆಯಾಗಿ ತೋರಿಸಿದರು.

ಪರೀಕ್ಷಿಸುವ ಕೆಲಸ ಮಾತ್ರ ಯಂತ್ರಕ್ಕೆ ಹೇಳಿ ಮಾಡಿಸಿದಂತಿದೆ. ಯಾವ ನಕ್ಷೆಗಾದರೂ ನಾಲ್ಕು ಬಣ್ಣ ಸಾಕು ಎಂಬುದನ್ನು 1976ರಲ್ಲಿ ಅಪೆಲ್ ಮತ್ತು ಹಾಕೆನ್ ಕಂಪ್ಯೂಟರ್ ನೆರವಿನಿಂದ ಸಾಧಿಸಿದಾಗ ಹಲವರಿಗೆ ಸಮಾಧಾನ ಆಗಲಿಲ್ಲ. ಕೈಯಲ್ಲಿ ನೋಡಿ ಮುಗಿಸಲಾಗದಷ್ಟು ಸಂದರ್ಭಗಳನ್ನು ಯಂತ್ರ ನೋಡಿತ್ತು. 2005ರಲ್ಲಿ ಜಾರ್ಜ್ ಗಾಂಥಿಯೆ ಇಡೀ ಸಾಧನೆಯನ್ನು ಕಾಕ್ ಎಂಬ ತಂತ್ರಾಂಶದಲ್ಲಿ ಹೆಜ್ಜೆಹೆಜ್ಜೆಯಾಗಿ ಬರೆಸಿ ಪರೀಕ್ಷಿಸಿದರು. ಪ್ರತಿ ಸಾಲಿಗೂ ಕಾರಣ ಸಿಕ್ಕಿತು.

ನಾನು ಎಲ್ಲಿಂದ ಶುರು ಮಾಡಲಿ?

ಪೆನ್ನು ಹಿಡಿದು. ಓದಿದರೆ ಬರುವುದಿಲ್ಲ ಇದು. ಹಾಳೆಯ ಮಧ್ಯೆ ಗೆರೆ ಎಳೆಯಿರಿ, ಎಡಕ್ಕೆ ಹೇಳಿಕೆ, ಬಲಕ್ಕೆ ಕಾರಣ. ಬಲಗಡೆ ಖಾಲಿ ಉಳಿದ ಸಾಲಿನಲ್ಲಿ ನಿಲ್ಲಿ. ಮುಂದೆ ಹೋಗಬೇಡಿ.

ಮೊದಲ ಲೆಕ್ಕ ನಾನೇ ಕೊಡುತ್ತೇನೆ. ದತ್ತ ಮೂರು: "ಕ ಅಥವಾ ಚ". "ಕ ನಿಜವಾದರೆ ಟ ನಿಜ". "ಚ ನಿಜವಾದರೆ ಟ ನಿಜ". ಟ ಸಾಧಿಸಬೇಕು. ಕ ನಿಜವೋ ಚ ನಿಜವೋ ನಿಮಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಒಮ್ಮೆ ಕ ಊಹಿಸಿ ಟ ತಲುಪಿ. ಆ ಊಹೆ ಬಿಡಿ. ಚ ಊಹಿಸಿ ಮತ್ತೆ ಟ ತಲುಪಿ. ಅದನ್ನೂ ಬಿಡಿ. ಕೊನೆಯ ಸಾಲಿನಲ್ಲಿ ಟ ಬರೆದು, ಅದರ ಪಕ್ಕ ಯಾವ ಯಾವ ಸಾಲುಗಳ ಸಂಖ್ಯೆ ಬರಬೇಕು ಅಂತ ಹುಡುಕಿ ಬರೆಯಿರಿ.